ಜರ್ಮನ್ ಸಾಹಿತ್ಯದಲ್ಲಿ ಪಿಎಚ್‌ಡಿ: ವಿಶ್ವವಿದ್ಯಾಲಯ ಕೊಡುವ ಹಣವನ್ನು ಎಷ್ಟು ನಂಬಬಹುದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಹೈದರಾಬಾದಿನಲ್ಲಿ ಜರ್ಮನ್ ಎಂ.ಎ. ಓದುತ್ತಿದ್ದೇನೆ, ಇದು ಕೊನೆಯ ಸೆಮಿಸ್ಟರ್. ಊರು ತೀರ್ಥಹಳ್ಳಿ ಕಡೆ. ಮನೆಮಾತು ತುರ್ಕಿಯೋ ಇನ್ನೊಂದೋ ಆಗಿದ್ದು, ಬರೆಯುವುದಕ್ಕೆ ಜರ್ಮನ್ ಭಾಷೆಯನ್ನು ಆರಿಸಿಕೊಂಡ ವಲಸಿಗ ಲೇಖಕಿಯರ ಬಗ್ಗೆ ಸಂಶೋಧನೆ ಮಾಡಬೇಕೆಂಬುದು ನನ್ನ ಆಸೆ.

ಈಗ ಮೂರು ದಾರಿಗಳು ಎದುರಿಗಿವೆ. ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಜರ್ಮನ್ ವಿಭಾಗ ಐದು ವರ್ಷದ ಪಿಎಚ್‌ಡಿಗೆ ಸೀಟು ಕೊಟ್ಟಿದೆ. ಬೋಧನಾ ಶುಲ್ಕ ಪೂರ್ತಿ ಮಾಫಿ, ಒಂಬತ್ತು ತಿಂಗಳಿಗೆ 23,000 ಡಾಲರ್, ಪ್ರತಿ ಸೆಮಿಸ್ಟರ್ ಒಂದು ತರಗತಿಗೆ ಪಾಠ ಮಾಡಬೇಕು. ಜರ್ಮನಿಯಲ್ಲಿ ಒಬ್ಬ ಪ್ರಾಧ್ಯಾಪಕಿ ಮಾರ್ಗದರ್ಶನ ಮಾಡಲು ಒಪ್ಪಿದ್ದಾರೆ, ಆದರೆ ಹಣಕ್ಕೆ ನಾನೇ ದಾರಿ ನೋಡಿಕೊಳ್ಳಬೇಕು. ಮೂರನೆಯದು, ಈ ಸಲದ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಫೆಲೋಶಿಪ್) ಸಿಕ್ಕಿದೆ. ಇಲ್ಲೇ ಉಳಿಯಬಹುದು.

ನನಗೆ ಜರ್ಮನಿಗೇ ಹೋಗುವ ಮನಸ್ಸು. ಅಪ್ಪ ತೋಟದ ಪತ್ರ ಅಡವಿಟ್ಟು ಸಾಲ ತೆಗೆಯೋಣ ಎನ್ನುತ್ತಿದ್ದಾರೆ. ಎರಡು ಎಕರೆ ಅಡಿಕೆ, ಅದರಲ್ಲೇ ಮನೆ ನಡೆಯಬೇಕು. ಏಪ್ರಿಲ್ 15ರೊಳಗೆ ಅಮೆರಿಕದವರಿಗೆ ಉತ್ತರ ಕೊಡಬೇಕು. ಅನುಭವ ಇರುವವರು ದಯವಿಟ್ಟು ಬರೆಯಿರಿ.

ಬ್ಯಾಂಕ್ ಕೌಂಟರ್

ಸಾಲದ ವಿಷಯ ಮಾತ್ರ ಹೇಳುತ್ತೇನೆ, ಉಳಿದದ್ದು ತಿಳಿದವರು ಹೇಳಲಿ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ನಿಜ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಎಂಜಿನಿಯರಿಂಗ್ ಎಂ.ಎಸ್. ಎರಡು ವರ್ಷದ ಮಾತು, ಮುಗಿಸಿದವರು ಸಂಬಳದಲ್ಲಿ ತೀರಿಸುತ್ತಾರೆ. ಸಾಹಿತ್ಯದ ಪಿಎಚ್‌ಡಿ ಐದಾರು ವರ್ಷ ಹಿಡಿಯುತ್ತದೆ. ಅಷ್ಟು ವರ್ಷದ ಬಡ್ಡಿ ಅಸಲಿಗೆ ಸೇರಿ ಬೆಳೆದ ಮೇಲೆ ಯಾವ ಸಂಬಳದಿಂದ ತೀರಿಸುತ್ತೀರಿ? ಅಪ್ಪನ ಪ್ರೀತಿ ದೊಡ್ಡದು. ಆದರೂ ತೋಟದ ಪತ್ರ ಬೀರುವಿನಲ್ಲೇ ಇರಲಿ, ತಂಗಿ.

ಮಿಡ್‌ವೆಸ್ಟ್ ಕನ್ನಡಿಗ

ಮೇಲಿನವರ ಮಾತಿಗೆ ನನ್ನದೂ ಸಹಮತ. ಸಾಹಿತ್ಯದ ಪಿಎಚ್‌ಡಿಗೆ ಕೈಯಿಂದ ಹಣ ಹಾಕಬೇಡಿ. ಯಾರು ಹಣ ಕೊಟ್ಟು ಓದಿಸುತ್ತಾರೋ ಅಲ್ಲಿಗೆ ಹೋಗಿ, ಇಲ್ಲವಾದರೆ ಹೋಗಬೇಡಿ. ನಾನು ಇಲ್ಲಿನ ಒಂದು ಜರ್ಮನ್ ವಿಭಾಗದಲ್ಲಿ ಪ್ರಬಂಧ ಬರೆಯುವ ಹಂತದಲ್ಲಿದ್ದೇನೆ. ಕಂಡದ್ದನ್ನು ಬಿಡಿಸಿ ಬರೆಯುತ್ತೇನೆ, ಉದ್ದವಾದರೆ ಸಹಿಸಿಕೊಳ್ಳಿ.

ಈ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಬಿ.ಎ. ಓದುವ ಮಕ್ಕಳು ಭಾಷೆಯ ಕಡ್ಡಾಯ ಪಾಠಕ್ಕೆಂದು ಜರ್ಮನ್ ತೆಗೆದುಕೊಳ್ಳುತ್ತಾರೆ. ಆ ಮೊದಲೆರಡು ವರ್ಷದ ತರಗತಿಗಳನ್ನು ನಡೆಸುವವರು ಬಹುಪಾಲು ಪಿಎಚ್‌ಡಿ ವಿದ್ಯಾರ್ಥಿಗಳೇ. ನಿಮಗೆ ಬಂದಿರುವುದು ಆ ದುಡಿಮೆಯ ಕೂಲಿ. ದಾನ ಎಂದುಕೊಂಡರೆ ಕೇಳಬೇಕಾದ ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ, ಕೂಲಿ ಎಂದುಕೊಂಡರೆ ನಾಲಿಗೆ ಏಳುತ್ತದೆ. ಒಂದು ಸೆಮಿಸ್ಟರ್‌ಗೆ ಒಂದು ತರಗತಿ ಎಂದರೆ ವಾರಕ್ಕೆ ನಾಲ್ಕೈದು ದಿನ ಪಾಠ, ಇಪ್ಪತ್ತು ಚಿಲ್ಲರೆ ಮಕ್ಕಳ ಮನೆಕೆಲಸ ತಿದ್ದುವುದು, ಕಚೇರಿ ವೇಳೆ, ಪರೀಕ್ಷೆ. ಬೆಳಿಗ್ಗೆ ಒಂಬತ್ತಕ್ಕೆ ‘ಮಿಟ್’ ಪದ ಆದ ಮೇಲೆ ಡಾಟಿವ್ ವಿಭಕ್ತಿ ಬರುತ್ತದೆ ಎಂದು ಹಲಗೆಯ ಮೇಲೆ ಬರೆದು, ಹನ್ನೊಂದಕ್ಕೆ ನೀವೇ ವಿದ್ಯಾರ್ಥಿಯಾಗಿ ಹದಿನೆಂಟನೇ ಶತಮಾನದ ಸೌಂದರ್ಯಶಾಸ್ತ್ರದ ಸೆಮಿನಾರಿಗೆ ಓಡಬೇಕು. ನನಗೆ ಪಾಠ ಇಷ್ಟ, ಅದರಿಂದಲೇ ನನ್ನ ಜರ್ಮನ್ ಗಟ್ಟಿಯಾಯಿತು. ಆದರೆ ಸೆಮಿಸ್ಟರ್ ನಡೆಯುವಾಗ ಬರವಣಿಗೆಗೆ ಸಮಯ ಸಿಗುವುದಿಲ್ಲ.

ಇನ್ನು ನಿಮ್ಮ ಪತ್ರದ ಅಂಕಿಗಳು. ‘ಒಂಬತ್ತು ತಿಂಗಳು’ ಎಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಸಂಬಳವಿಲ್ಲ. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಕ್ಯಾಂಪಸ್ಸಿನ ಹೊರಗೆ ಅಂಗಡಿ, ಹೋಟೆಲಿನಲ್ಲಿ ದುಡಿಯುವಂತಿಲ್ಲ. ಹಾಗಾಗಿ ಬೇಸಿಗೆಗೆ ಪಾಠವೋ ಫೆಲೋಶಿಪ್ಪೋ ಖಚಿತವಾಗಿ ಇದೆಯೇ ಎಂದು ಕೇಳಿ. ‘ಸಾಮಾನ್ಯವಾಗಿ ಸಿಗುತ್ತದೆ’ ಎಂಬ ಉತ್ತರ ಬಂದರೆ ಈಗ ಇರುವ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಹೋದ ಬೇಸಿಗೆ ಸಿಕ್ಕಿತು ಎಂದು ಮತ್ತೆ ಕೇಳಿ. ಬೋಧನಾ ಶುಲ್ಕ ಮಾಫಿಯಾದರೂ ಇತರೆ ಶುಲ್ಕಗಳು ಬೇರೆಯೇ ಇರುತ್ತವೆ. ಆರೋಗ್ಯ ವಿಮೆಯ ಕಂತನ್ನು ಯಾರು ಕಟ್ಟುತ್ತಾರೆ ಎಂಬುದೂ ಪತ್ರದಲ್ಲಿ ಸ್ಪಷ್ಟವಿರಬೇಕು.

ತೆರಿಗೆಯಲ್ಲಿ ಒಂದು ಅನುಕೂಲವಿದೆ, ಹೊಸಬರು ಎಷ್ಟೋ ಜನ ತಿಳಿಯದೆ ಕಳೆದುಕೊಳ್ಳುತ್ತಾರೆ. ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಭಾರತೀಯ ವಿದ್ಯಾರ್ಥಿಗಳು ಅಲ್ಲಿನವರಂತೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದ ಒಂದು ನಿಗದಿತ ಭಾಗಕ್ಕೆ ತೆರಿಗೆ ವಿನಾಯಿತಿ) ಪಡೆಯಬಹುದು. ಬೇರೆ ಹೆಚ್ಚಿನ ದೇಶದವರಿಗೆ ಈ ಸೌಲಭ್ಯವಿಲ್ಲ. ಮೊದಲ ಐದು ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯುರಿಟಿ (ಅಲ್ಲಿನ ಪಿಂಚಣಿ ನಿಧಿ) ಕಡಿತವೂ ಇರುವುದಿಲ್ಲ.

23,000 ಕಡಿಮೆಯೇ ಎಂದರೆ, ಊರಿನ ಮೇಲಿದೆ. ಪ್ರಿನ್ಸ್‌ಟನ್, ಯೇಲ್‌ನಂಥ ಶ್ರೀಮಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಭತ್ಯೆ ವರ್ಷಕ್ಕೆ 40,000 ಡಾಲರ್ ದಾಟಿದೆ, ಮೊದಲ ವರ್ಷ ಪಾಠದ ಹೊರೆಯೂ ಇರುವುದಿಲ್ಲ. ಆದರೆ ಅಲ್ಲಿ ವರ್ಷಕ್ಕೆ ಬೆರಳೆಣಿಕೆಯ ಜನರನ್ನು ತೆಗೆದುಕೊಳ್ಳುತ್ತಾರೆ. ಚಿಕ್ಕ ಊರಿನಲ್ಲಿ ಇಬ್ಬರು ಸೇರಿ ಮನೆ ಮಾಡಿದರೆ 23,000ದಲ್ಲಿ ಬದುಕಬಹುದು. ಊರಿಗೆ ಕಳಿಸುವಷ್ಟು ಉಳಿಯುವುದಿಲ್ಲ.

ರಾಯಚೂರು ಹುಡುಗ

ನಾನು ದೆಹಲಿಯಲ್ಲಿ ಜೆಆರ್‌ಎಫ್ ಹಣದಲ್ಲೇ ಜರ್ಮನ್ ಪಿಎಚ್‌ಡಿ ಮಾಡುತ್ತಿದ್ದೇನೆ. ಈ ದಾರಿಯನ್ನು ಎಲ್ಲರೂ ಕೊನೆಗೆ ಇಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆಗಿ 42,000. ಹಾಸ್ಟೆಲ್ ಸಿಗದಿದ್ದರೆ ಮನೆಬಾಡಿಗೆ ಭತ್ಯೆ ಬೇರೆ. ಕೇಂದ್ರೀಯ ವಿಶ್ವವಿದ್ಯಾಲಯದ ಶುಲ್ಕ ಲೆಕ್ಕಕ್ಕೇ ಬರುವಂಥದ್ದಲ್ಲ. ಜೆಆರ್‌ಎಫ್ ಇಲ್ಲದ ನನ್ನ ಗೆಳೆಯರು ತಿಂಗಳಿಗೆ 8,000 ರೂಪಾಯಿಯ ನಾನ್-ನೆಟ್ ಫೆಲೋಶಿಪ್‌ನಲ್ಲಿ ಇದೇ ಊರಿನಲ್ಲಿ ದಿನ ತಳ್ಳುತ್ತಿದ್ದಾರೆ. ಜರ್ಮನ್ ವಿಷಯದಲ್ಲಿ ಜೆಆರ್‌ಎಫ್ ಬರುವುದು ಎಷ್ಟು ಕಷ್ಟ ಎಂದು ಬರೆದವರಿಗೇ ಗೊತ್ತು. ಹಣ ಕೆಲವೊಮ್ಮೆ ತಡವಾಗಿ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಅದಕ್ಕೆ ಒಂದಿಷ್ಟು ಕೈಗಾವಲು ಇಟ್ಟುಕೊಳ್ಳಬೇಕು.

ಇಲ್ಲಿ ಸೇರಿದ ಮಾತ್ರಕ್ಕೆ ಜರ್ಮನಿ ತಪ್ಪುವುದಿಲ್ಲ. ಜರ್ಮನಿಯ ವಿದ್ಯಾರ್ಥಿವೇತನ ಸಂಸ್ಥೆ ಡಿಎಎಡಿ, ಭಾರತದಲ್ಲಿ ಪಿಎಚ್‌ಡಿಗೆ ನೋಂದಾಯಿಸಿಕೊಂಡವರಿಗೂ ಜರ್ಮನಿಯಲ್ಲಿ ಕೆಲವು ತಿಂಗಳು ಸಂಶೋಧನೆ ನಡೆಸಲು ಹಣ ಕೊಡುತ್ತದೆ. ಎರಡೂ ದೇಶದಲ್ಲಿ ಒಬ್ಬೊಬ್ಬ ಮಾರ್ಗದರ್ಶಕರಿರುವ ಯೋಜನೆಯೂ ಇದೆ. ಮಾರ್ಗದರ್ಶನಕ್ಕೆ ಒಪ್ಪಿರುವ ಪ್ರಾಧ್ಯಾಪಕಿ ನಿಮಗೆ ಈಗಾಗಲೇ ಇದ್ದಾರೆ, ಅರ್ಧ ಕೆಲಸ ಆದಂತೆಯೇ.

ಇನ್ನೊಂದು ಮಾತು. ಜೆಆರ್‌ಎಫ್ ಪತ್ರ ಮೂರು ವರ್ಷ ಊರ್ಜಿತ. ಹೊರಗೆ ಹೋಗಿ ಒಂದು ವರ್ಷದಲ್ಲಿ ಸರಿಹೋಗದೆ ಬಂದರೂ ಈ ಬಾಗಿಲು ತೆರೆದೇ ಇರುತ್ತದೆ.

ಲೈಪ್‌ಜಿಗ್ ಓದುಗಿ

ತುಂಗಾತೀರ ಅವರೇ, ನಿಮ್ಮ ಆಸೆ ಜರ್ಮನಿ ಎಂದಿರಿ. ಇಲ್ಲಿಂದ ನೋಡಿದರೆ ಚಿತ್ರ ಹೇಗಿದೆ ಎಂದು ಹೇಳುತ್ತೇನೆ.

‘ಜರ್ಮನಿಯಲ್ಲಿ ಓದು ಉಚಿತ’ ಎನ್ನುವುದು ಶುಲ್ಕದ ಮಟ್ಟಿಗೆ ಸರಿ. ಎಂ.ಎ.ಗೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಮಾತ್ರ ಐರೋಪ್ಯ ಒಕ್ಕೂಟದ ಹೊರಗಿನವರಿಂದ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಹೈಡೆಲ್‌ಬರ್ಗ್, ಟ್ಯೂಬಿಂಗನ್, ಫ್ರೈಬರ್ಗ್ ಎಲ್ಲವೂ ಅಲ್ಲಿಯವೇ. ಪಿಎಚ್‌ಡಿಗೆ ಅಲ್ಲಿಯೂ ಆ ಶುಲ್ಕವಿಲ್ಲ. ಆದರೆ ಊಟ, ಬಾಡಿಗೆ, ವಿಮೆ ಯಾರು ಕೊಡುತ್ತಾರೆ? ವಿದ್ಯಾರ್ಥಿ ವೀಸಾಕ್ಕೆ ಒಂದು ವರ್ಷದ ಖರ್ಚೆಂದು 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆ) ತೋರಿಸಬೇಕು. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅನುಮತಿ ಇದೆ. ಆದರೆ ಗೋದಾಮಿನಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಪ್ರಬಂಧ ಬರೆಯುವವರನ್ನು ನಾನು ದಿನವೂ ನೋಡುತ್ತಿದ್ದೇನೆ. ಎಷ್ಟೋ ಜನ ಮುಗಿಸುವುದಿಲ್ಲ.

ಅಮೆರಿಕದಂತೆ ಇಲ್ಲಿ ಪ್ರವೇಶದ ಜೊತೆಗೆ ಹಣ ಬರುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಬೇಕು. ವಿಶ್ವವಿದ್ಯಾಲಯದ ಹಣವೆಂದರೆ ವಿಭಾಗದ ಸಹಾಯಕ ಹುದ್ದೆ. ವೇತನ ಶ್ರೇಣಿ ಇ-13, ಮಾನವಿಕ ವಿಷಯಗಳಲ್ಲಿ ಹೆಚ್ಚಾಗಿ ಅರ್ಧ ಹುದ್ದೆ ಅಥವಾ ಶೇ. 65. ನನ್ನದು ಅರ್ಧ. ಕೈಗೆ ಬರುವುದರಲ್ಲಿ ಒಬ್ಬರ ಜೀವನ ನಡೆಯುತ್ತದೆ, ಪಿಂಚಣಿ ಮತ್ತು ವಿಮೆ ಸೇರಿರುತ್ತವೆ. ಆದರೆ ಕಾಗದದ ಮೇಲೆ ಅರ್ಧ ದಿನದ ಕೆಲಸ, ನಿಜದಲ್ಲಿ ಪೂರ್ತಿ ದಿನದ್ದು. ತಾತ್ಕಾಲಿಕ ಒಪ್ಪಂದದ ಈ ಪದ್ಧತಿಯ ವಿರುದ್ಧ 2021ರಲ್ಲಿ ‘ಇಷ್ ಬಿನ್ ಹನ್ನಾ’ (ನಾನು ಹನ್ನಾ) ಎಂಬ ಹೆಸರಿನಲ್ಲಿ ಸಂಶೋಧಕರು ದೊಡ್ಡ ದನಿ ಎತ್ತಿದ್ದರು. ಪಿಎಚ್‌ಡಿಗೆ ಮೊದಲು ಆರು ವರ್ಷ, ನಂತರ ಆರು ವರ್ಷ, ಅಷ್ಟರಲ್ಲಿ ಕಾಯಂ ಆಗದಿದ್ದರೆ ಹೊರಬೀಳಬೇಕು ಎನ್ನುವ ಕಾನೂನು ಇಲ್ಲಿಯದು. ಇಷ್ಟಾದರೂ ಈ ಹುದ್ದೆಗಳಿಗೆ ನೂಕುನುಗ್ಗಲು, ಅದೂ ಜರ್ಮನ್ ಸಾಹಿತ್ಯಕ್ಕೆ ಜರ್ಮನ್ನರೇ ಸಾಲುಗಟ್ಟಿ ನಿಂತಿರುತ್ತಾರೆ.

ಹೊರಗಿನವರಿಗೆ ಹೆಚ್ಚು ಆಸೆ ಇರುವುದು ಡಿಎಎಡಿಯಲ್ಲಿ ಮತ್ತು ರಾಜಕೀಯ ಪಕ್ಷಗಳಿಗೆ ಹತ್ತಿರವಾದ ಪ್ರತಿಷ್ಠಾನಗಳಲ್ಲಿ: ಹೈನ್ರಿಷ್ ಬ್ಯೋಲ್, ಫ್ರೀಡ್ರಿಷ್ ಎಬರ್ಟ್, ಕೊನ್ರಾಡ್ ಆಡೆನೌವರ್, ರೋಸಾ ಲುಕ್ಸೆಂಬುರ್ಗ್. ಇವು ಅಂಕಪಟ್ಟಿಯ ಜೊತೆಗೆ ನೀವು ಸಮಾಜದಲ್ಲಿ ಏನು ಮಾಡಿದ್ದೀರಿ ಎಂದೂ ಕೇಳುತ್ತವೆ. ಹಳ್ಳಿಯ ಗ್ರಂಥಾಲಯ, ಮಹಿಳಾ ಸಂಘ, ಪಾಠ ಹೇಳಿಕೊಟ್ಟದ್ದು ಯಾವುದೇ ಇರಲಿ, ನಾಚದೆ ಬರೆಯಿರಿ. ಸಂದರ್ಶನ ಜರ್ಮನ್‌ನಲ್ಲೇ ನಡೆದರೆ ನಿಮಗೆ ಲಾಭ.

ವಲಸಿಗ ಲೇಖಕಿಯರ ಬಗ್ಗೆ ಎಂದಿರಿ. ನಾನಿರುವ ಲೈಪ್‌ಜಿಗ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ 1913ರಿಂದ ಅಚ್ಚಾದ ಜರ್ಮನ್ ಪುಸ್ತಕಗಳೆಲ್ಲ ಸಿಗುತ್ತವೆ. ಚಿಕ್ಕ ಪ್ರಕಾಶಕರು ತಂದ, ಬೇರೆಲ್ಲೂ ಕಾಣದ ಕವನ ಸಂಕಲನವನ್ನು ಬೆಳಿಗ್ಗೆ ಕೇಳಿದರೆ ನಂತರ ವಾಚನಾಲಯದ ಮೇಜಿಗೆ ತಂದು ಇಡುತ್ತಾರೆ. ಎಲ್ಲಿ ಸೇರಿದರೂ ಕೆಲವು ತಿಂಗಳಾದರೂ ಇಲ್ಲಿ ಬಂದು ಕುಳಿತು ಓದಿ.

ನೇರಮಾತು

ಯಾರೂ ಹೇಳದ ಮಾತನ್ನು ಹೇಳಬೇಕಾಗಿದೆ. ಅಮೆರಿಕದಲ್ಲಿ ಜರ್ಮನ್ ವಿಭಾಗಗಳೇ ಕರಗುತ್ತಿವೆ. ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಗಣತಿಯಂತೆ 2016ರಿಂದ 2021ರೊಳಗೆ ಅಲ್ಲಿನ ಕಾಲೇಜುಗಳಲ್ಲಿ ಜರ್ಮನ್ ಕಲಿಯುವವರ ಸಂಖ್ಯೆ ಸುಮಾರು ಮೂರನೇ ಒಂದು ಭಾಗ ಕುಸಿಯಿತು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2023ರಲ್ಲಿ ವಿದೇಶಿ ಭಾಷೆಗಳ ಪದವಿಗಳನ್ನೇ ನಿಲ್ಲಿಸಿತು. 2025ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಂಥದ್ದೇ ಮಾನವಿಕ ವಿಭಾಗದ ಹಲವು ಪಿಎಚ್‌ಡಿಗಳಿಗೆ ಹೊಸ ಪ್ರವೇಶ ತಡೆಹಿಡಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ವಿದ್ಯಾರ್ಥಿ ವೀಸಾಕ್ಕೆ ನಾಲ್ಕು ವರ್ಷದ ಮಿತಿ ಹಾಕುವ ಪ್ರಸ್ತಾವವನ್ನೂ ಅಲ್ಲಿನ ಸರ್ಕಾರ ಮುಂದಿಟ್ಟಿತು. ಐದು ವರ್ಷದ ಭರವಸೆ ಐದನೇ ವರ್ಷದವರೆಗೂ ನಿಲ್ಲುತ್ತದೆ ಎಂದು ಯಾವ ಧೈರ್ಯದ ಮೇಲೆ ಹೇಳುತ್ತೀರಿ? ಮುಗಿಸಿದ ಮೇಲೆ ಕೆಲಸವೆಲ್ಲಿ? ಹೆಣ್ಣುಮಗಳೊಬ್ಬಳು ಮೂವತ್ತು ದಾಟಿ ಬರಿಗೈಯಲ್ಲಿ ಮರಳಬಾರದು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ.

ಮಿಡ್‌ವೆಸ್ಟ್ ಕನ್ನಡಿಗ

ನೀವು ಕೊಟ್ಟ ಸಂಗತಿಗಳೆಲ್ಲ ನಿಜ, ನಾನು ಅಲ್ಲಗಳೆಯುವುದಿಲ್ಲ. ನಮ್ಮಲ್ಲೂ ತರಗತಿಗಳು ಕಡಿಮೆಯಾಗಿವೆ. ಅದಕ್ಕೇ ‘ಕೂಲಿ’ ಎಂದು ಬರೆದೆ. ತರಗತಿ ಇದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಆದರೆ ಒಮ್ಮೆ ಸೇರಿಸಿಕೊಂಡವರಿಗೆ ಲಿಖಿತವಾಗಿ ಕೊಟ್ಟ ಮಾತನ್ನು ಬಹುಪಾಲು ವಿಭಾಗಗಳು ಉಳಿಸಿಕೊಳ್ಳುತ್ತವೆ, ಕತ್ತರಿ ಬೀಳುವುದು ಹೊಸ ಪ್ರವೇಶಕ್ಕೆ. ಆದ್ದರಿಂದ ತುಂಗಾತೀರ ಕೇಳಬೇಕಾದ ಅತಿಮುಖ್ಯ ಪ್ರಶ್ನೆ ಇದು: ಜರ್ಮನ್ ತರಗತಿಗಳು ಕಡಿಮೆಯಾದರೆ ನನ್ನ ನಾಲ್ಕು, ಐದನೇ ವರ್ಷದ ಹಣ ಎಲ್ಲಿಂದ ಬರುತ್ತದೆ?

ಪ್ರಾಧ್ಯಾಪಕ ಹುದ್ದೆಯ ಆಸೆಯೊಂದನ್ನೇ ಇಟ್ಟುಕೊಂಡು ಯಾರೂ ಬರಬಾರದು. ಅದನ್ನು ಒಪ್ಪುತ್ತೇನೆ. ಆದರೆ ‘ಹೆಣ್ಣುಮಗಳು, ಮೂವತ್ತು’ ಎಂಬುದನ್ನು ಒಪ್ಪುವುದಿಲ್ಲ. ಸಾಲವಿಲ್ಲದೆ, ಐದು ವರ್ಷ ಸಂಬಳ ಪಡೆದು, ಎರಡು ಭಾಷೆಯಲ್ಲಿ ಕಲಿಸಬಲ್ಲವಳಾಗಿ ಬಂದವಳು ಬರಿಗೈಯಲ್ಲಿ ಬಂದಂತಾಗುವುದಿಲ್ಲ.

ನಿವೃತ್ತ ಜರ್ಮನ್ ಮೇಷ್ಟ್ರು

ಬೆಂಗಳೂರಿನಲ್ಲಿ ದೀರ್ಘಕಾಲ ಜರ್ಮನ್ ಕಲಿಸಿದವನು. ನೇರಮಾತು ಅವರ ‘ಕೆಲಸವೆಲ್ಲಿ’ ಎಂಬ ಪ್ರಶ್ನೆಗೆ ಇಲ್ಲಿನ ಪರಿಸ್ಥಿತಿ ಹೇಳುತ್ತೇನೆ. ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್ ಮ್ಯುಲ್ಲರ್ ಭವನದ ತರಗತಿಗಳಲ್ಲಿ ಕೂರುವವರನ್ನು ನೋಡಿ: ಜರ್ಮನಿಗೆ ಹೊರಟ ನರ್ಸ್‌ಗಳು, ಎಂಜಿನಿಯರ್‌ಗಳು, ಎಂ.ಎಸ್. ಮಾಡುವ ಹುಡುಗರು. ಎ1ರಿಂದ (ಮೊದಲ ಹಂತ) ಬಿ2ವರೆಗೆ (ನಾಲ್ಕನೇ ಹಂತ) ಕಲಿಯುವವರು ಹಿಂದೆಂದಿಗಿಂತ ಹೆಚ್ಚಿದ್ದಾರೆ, ಕಲಿಸಲು ತಕ್ಕ ತರಬೇತಿ ಪಡೆದವರು ಸಾಲದು. ಜರ್ಮನ್ ಬಲ್ಲವರಿಗೆ ನಮ್ಮಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಜರ್ಮನ್ ಸಾಹಿತ್ಯ ಬಲ್ಲವರಿಗೆ ಹುದ್ದೆ ಕಡಿಮೆ. ಎರಡನ್ನೂ ಬಲ್ಲವರಾಗಿ.

ಮಗು, ಹಣದ ಬಗ್ಗೆ ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ನಾನು ಒಂದೇ ವಿಷಯ ಸೇರಿಸುತ್ತೇನೆ. ಆ ಅಮೆರಿಕದ ವಿಭಾಗದಲ್ಲಿ ನಿನ್ನ ವಿಷಯ ಓದಿಸುವ ಪ್ರಾಧ್ಯಾಪಕರು ಎಷ್ಟು ಜನ? ಒಬ್ಬರೇ ಆಗಿದ್ದು, ಅವರು ಎರಡು ವರ್ಷದಲ್ಲಿ ನಿವೃತ್ತರಾದರೆ ಹಣವಿದ್ದೂ ನೀನು ಅನಾಥೆಯಾಗುತ್ತೀಯೆ. ಇಬ್ಬರಾದರೂ ಇರಬೇಕು.

ಕರಾವಳಿ ಓದುಗ

ಸ್ವಲ್ಪ ಬೇರೆ ದಿಕ್ಕಿನ ಸಲಹೆ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಮೊಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟು ಮುಗಿಸಿದ ಕಿಟೆಲ್, ಇಬ್ಬರೂ ಜರ್ಮನ್ನರು. ಇಬ್ಬರಿಗೂ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಮಿಷನ್ನಿನವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿಯಿಂದ ಬರೆದ ಕಾಗದಗಳು, ವರದಿಗಳು ಇವತ್ತಿಗೂ ಸ್ವಿಟ್ಜರ್‌ಲೆಂಡಿನ ಬಾಸೆಲ್ ಪತ್ರಾಗಾರದಲ್ಲಿವೆ. ಬಹಳಷ್ಟು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿವೆ. ಅದರಲ್ಲಿ ‘ಇ’ ಅಕ್ಷರ ಈಗಿನ ‘ಎನ್’ ಹಾಗೆ ಕಾಣುತ್ತದೆ, ‘ಯು’ ಮತ್ತು ‘ಎನ್’ ಬೇರೆ ಎಂದು ತಿಳಿಯಲು ‘ಯು’ ತಲೆಯ ಮೇಲಿನ ಚಿಕ್ಕ ಕೊಂಕು ಗೆರೆಯೊಂದೇ ಗುರುತು. ಇಂದಿನ ಜರ್ಮನ್ ವಿದ್ಯಾರ್ಥಿಗಳಿಗೂ ಓದಲು ಬರುವುದಿಲ್ಲ. ನಡುನಡುವೆ ಕನ್ನಡ ಪದಗಳು, ತುಳು ಪದಗಳು. ಆ ಪುಟವನ್ನು ಪೂರ್ತಿ ಓದಬಲ್ಲವರು ಜಗತ್ತಿನಲ್ಲಿ ಎಷ್ಟು ಜನರಿದ್ದಾರೆ? ಜರ್ಮನ್ ಎಂ.ಎ. ಮಾಡಿದ ಕನ್ನಡಿಗರು ಈ ವಿಷಯ ಹಿಡಿದು ಅರ್ಜಿ ಹಾಕಿದರೆ, ಹಣ ಕೊಡುವ ಸಮಿತಿಯ ಮುಂದೆ ಅವರಿಗೆ ಸಮನಾದ ಸ್ಪರ್ಧಿಯೇ ಇರುವುದಿಲ್ಲ. ಸ್ವಿಸ್ ಸರ್ಕಾರದ ಎಕ್ಸೆಲೆನ್ಸ್ ಸ್ಕಾಲರ್‌ಶಿಪ್ ಭಾರತೀಯ ಸಂಶೋಧಕರಿಗೂ ಇದೆ.

ತುಂಗಾತೀರ

ಎಲ್ಲರಿಗೂ ಮನಸಾರೆ ಕೃತಜ್ಞತೆ. ಕರಾವಳಿ ಓದುಗ ಅವರೇ, ನಿಮ್ಮ ಸಲಹೆ ಓದಿ ಒಂದು ರಾತ್ರಿ ಯೋಚಿಸಿದೆ. ಆದರೆ ಹಣ ಸುಲಭವಾಗಿ ಸಿಗುತ್ತದೆಂದು ವಿಷಯ ಬದಲಿಸಿದರೆ ಐದು ವರ್ಷ ಅದರ ಜೊತೆ ಬಾಳಲಾರೆ. ಎರಡು ಭಾಷೆಗಳ ನಡುವೆ ಬದುಕಿ ಬರೆದ ಹೆಂಗಸರ ಬರಹವೇ ನನ್ನನ್ನು ಜರ್ಮನ್‌ಗೆ ಎಳೆದದ್ದು, ಅದನ್ನು ಬಿಡುವುದಿಲ್ಲ.

ಅಮೆರಿಕದ ವಿಭಾಗಕ್ಕೆ ಪ್ರಶ್ನೆಗಳನ್ನೆಲ್ಲ ಬರೆದು ಕಳಿಸಿದೆ. ಉತ್ತರ ಬಂದಿದೆ. ಮೊದಲ ಎರಡು ಬೇಸಿಗೆಗೆ 4,000 ಡಾಲರ್‌ನಂತೆ ಕೊಡುತ್ತೇವೆಂದು ಪರಿಷ್ಕೃತ ಪತ್ರದಲ್ಲಿ ಸೇರಿಸಿದ್ದಾರೆ. ವಿಮೆಯ ಬಹುಪಾಲು ಅವರದ್ದೇ. ಇತರೆ ಶುಲ್ಕ ವರ್ಷಕ್ಕೆ ಸುಮಾರು 1,200 ಡಾಲರ್, ಅದು ನನ್ನದು. ತರಗತಿ ಕಡಿಮೆಯಾದರೆ ಇಂಗ್ಲಿಷ್ ಅನುವಾದದಲ್ಲಿ ಸಾಹಿತ್ಯ ಕಲಿಸುವ ದೊಡ್ಡ ತರಗತಿಗಳಿಗೆ ಸಹಾಯಕಿಯಾಗಿ ಹಾಕುತ್ತಾರಂತೆ. ನನ್ನ ವಿಷಯದವರು ಇಬ್ಬರಿದ್ದಾರೆ, ಒಬ್ಬರು ಇತ್ತೀಚೆಗೆ ಸೇರಿದವರು. ಐದನೇ ವರ್ಷದ ಬಗ್ಗೆ ಮಾತ್ರ ‘ವಿಶ್ವವಿದ್ಯಾಲಯದ ಅನುದಾನಕ್ಕೆ ಒಳಪಟ್ಟು’ ಎಂಬ ಸಾಲು ಹಾಗೆಯೇ ಇದೆ.

ಸಾಲ ಬೇಡವೆಂದು ಅಪ್ಪನಿಗೆ ಹೇಳಿದ್ದೇನೆ. ಜರ್ಮನಿಯ ಪ್ರಾಧ್ಯಾಪಕಿಗೂ ವಿಷಯ ತಿಳಿಸಿದೆ. ಮೂರನೇ ವರ್ಷ ಬಂದು ಕೆಲವು ತಿಂಗಳು ತಮ್ಮಲ್ಲಿರಬಹುದು ಎಂದಿದ್ದಾರೆ. ಅಮೆರಿಕಕ್ಕೆ ಒಪ್ಪಿಗೆ ಬರೆಯುವ ಮನಸ್ಸಾಗಿದೆ. ಏಪ್ರಿಲ್ 15ರವರೆಗೂ ಕಾಯುವುದರಲ್ಲಿ ಏನಾದರೂ ಲಾಭವಿದೆಯೇ?

ಹಾವೇರಿ ಬಿ.ಕಾಂ.

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬಿ.ಕಾಂ. ಮುಗಿಸಿ ಬಿ2ವರೆಗೆ ಜರ್ಮನ್ ಕಲಿತಿದ್ದೇನೆ. ಪರಿಶಿಷ್ಟ ಜಾತಿಯವನು, ಮನೆಯಲ್ಲಿ ಓದಿಸುವ ಶಕ್ತಿಯಿಲ್ಲ. ನನಗೆ ಯಾವ ದಾರಿ?

ರಾಯಚೂರು ಹುಡುಗ

ತಮ್ಮ, ಕ್ಷಮೆ ಏಕೆ? ನೇರವಾಗಿ ಜರ್ಮನಿಯ ಜರ್ಮನಿಸ್ಟಿಕ್ (ಜರ್ಮನ್ ಭಾಷೆ, ಸಾಹಿತ್ಯದ ಅಧ್ಯಯನ) ಎಂ.ಎ.ಗೆ ಬಿ.ಕಾಂ. ನಡೆಯುವುದಿಲ್ಲ. ಪದವಿಯಲ್ಲೇ ಜರ್ಮನ್ ಸಾಹಿತ್ಯ, ಭಾಷಾಶಾಸ್ತ್ರ ಓದಿರಬೇಕು, ಭಾಷೆಯೂ ಬಿ2ರ ಮೇಲಿನ ಸಿ1 ಮಟ್ಟ ಕೇಳುತ್ತಾರೆ. ಮೊದಲು ಭಾರತದಲ್ಲೇ ಎಂ.ಎ. ಮಾಡು. ಬೇರೆ ವಿಷಯದ ಪದವೀಧರರನ್ನು ಭಾಷಾಮಟ್ಟ ನೋಡಿ ಸೇರಿಸಿಕೊಳ್ಳುವ ಕಡೆಗಳಿವೆ. ಪುಣೆ, ಹೈದರಾಬಾದ್, ತಿರುವನಂತಪುರದ ಪ್ರವೇಶ ಸೂಚನೆಗಳನ್ನು ಓದು, ಅರ್ಹತೆಯ ಸಾಲನ್ನು ಎರಡು ಸಲ ಓದು. ಆಮೇಲೆ ನೆಟ್ ಬರೆ. ವಿದೇಶಕ್ಕೆ ಹೋಗುವ ಕಾಲ ಬಂದಾಗ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 125 ಸ್ಥಾನ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನೂ ನೋಡು. ಇವುಗಳ ನಿಯಮ ಆಗಾಗ ಬದಲಾಗುತ್ತದೆ, ಹಳೆಯ ಸುತ್ತೋಲೆ ನಂಬಿ ಕೂರಬೇಡ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡು. ಕೊನೆಯ ವಾರದಲ್ಲಿ ನಾಡಕಚೇರಿಗೆ ಓಡಿ ಅವಕಾಶ ಕಳೆದುಕೊಂಡವರು ನನ್ನ ಗೆಳೆಯರಲ್ಲೇ ಇದ್ದಾರೆ.

ಲೈಪ್‌ಜಿಗ್ ಓದುಗಿ

ಹಾವೇರಿಯವರಿಗೆ ಒಂದು ಮಾತು: ಎಂ.ಎ. ಸೇರಿದ ಮೇಲೆ ಡಿಎಎಡಿಯ ಬೇಸಿಗೆ ಭಾಷಾ ಶಿಬಿರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಮೂರು ನಾಲ್ಕು ವಾರ ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಇರಬಹುದು. ಮುಂದಿನ ಎಲ್ಲ ಅರ್ಜಿಗಳಿಗೂ ಅದು ಬಲ.

ಮಿಡ್‌ವೆಸ್ಟ್ ಕನ್ನಡಿಗ

ತುಂಗಾತೀರ, ಬೇರೆ ಕಡೆಯ ಕಾಯುವ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ 15ರವರೆಗೆ ಕಾಯಿರಿ. ಅದಕ್ಕೆ ಮೊದಲೇ ಉತ್ತರ ಕೊಡಿ ಎಂದು ಒತ್ತಾಯಿಸಬಾರದು ಎಂದು ಇಲ್ಲಿನ ಬಹುಪಾಲು ವಿಶ್ವವಿದ್ಯಾಲಯಗಳು ತಮ್ಮೊಳಗೆ ಒಪ್ಪಿಕೊಂಡಿವೆ. ಬೇರೆ ಪಟ್ಟಿ ಇಲ್ಲದಿದ್ದರೆ ಈ ವಾರವೇ ಒಪ್ಪಿಗೆ ಕೊಡಿ, ಐ-20 (ವೀಸಾಕ್ಕೆ ವಿಶ್ವವಿದ್ಯಾಲಯ ಕೊಡುವ ಪ್ರವೇಶ ದಾಖಲೆ) ಬೇಗ ಬಂದಷ್ಟೂ ವೀಸಾ ಸಂದರ್ಶನದ ದಿನ ಬೇಗ ಸಿಗುತ್ತದೆ. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲಾತಿ) ಶುಲ್ಕ 350 ಡಾಲರ್, ವೀಸಾ ಅರ್ಜಿಗೆ 185. ಟಿಕೆಟ್ ಬೇರೆ.

ಐದನೇ ವರ್ಷದ ಆ ಸಾಲು ಸರ್ಕಾರಿ ವಿಶ್ವವಿದ್ಯಾಲಯಗಳ ಪತ್ರಗಳಲ್ಲಿ ಸಾಮಾನ್ಯ. ಅದನ್ನು ತೆಗೆಸಲು ಆಗುವುದಿಲ್ಲ. ಆ ವರ್ಷಕ್ಕೆಂದು ಮೂರನೇ ವರ್ಷದಲ್ಲೇ ಪ್ರಬಂಧ ಬರೆಯುವ ಫೆಲೋಶಿಪ್‌ಗಳಿಗೆ ಅರ್ಜಿ ಹಾಕಲು ಶುರು ಮಾಡಿ. ಮತ್ತೊಂದು ಮಾತು, ಆಗಸ್ಟ್‌ನಲ್ಲಿ ಬಂದಿಳಿದವರಿಗೆ ಮೊದಲ ಸಂಬಳ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ನಲ್ಲೋ ಬರುವುದು ಇಲ್ಲಿ ರೂಢಿ. ಮನೆಯ ಮುಂಗಡ, ಮೊದಲ ಬಾಡಿಗೆ, ಚಳಿಗಾಲದ ಜಾಕೆಟ್ ಎಲ್ಲಕ್ಕೂ ಸೇರಿ ಎರಡೂವರೆ ಸಾವಿರ ಡಾಲರ್ ಆದರೂ ಕೈಯಲ್ಲಿರಲಿ. ಅಷ್ಟನ್ನು ವಿಭಾಗದವರು ಮುಂಗಡವಾಗಿ ಕೊಡುವ ವ್ಯವಸ್ಥೆ ಇದೆಯೇ ಎಂದು ಒಪ್ಪಿಗೆ ಪತ್ರದ ಜೊತೆಗೇ ಕೇಳಿ. ಕೆಲವು ಕಡೆ ಬಡ್ಡಿಯಿಲ್ಲದೆ ಕೊಡುತ್ತಾರೆ, ಕೇಳಿದವರಿಗೆ ಮಾತ್ರ.